ಕಾಶಿಯಲ್ಲಿ ಬಿಟ್ಟದ್ದು

ಎಳ್ಳು ಅಮಾವಾಸ್ಯೆಯ ಹಬ್ಬ ಎಳ್ಳಮಾಸಿ ಕಳೆದು ವಾರವಾಗಿತ್ತು. ಸಾಯಗಾಂವದ ಹೊಲಗಳಲ್ಲಿ ತೊಗರಿ ಕೊಯ್ಲು ನಡೆದಿತ್ತು. ಪಕ್ಕದ ಪಟ್ಟಿಯಲ್ಲಿ ಬಿಳಿಜೋಳ ಹಾಲುಗಾಳು ಹಿಡಿದು ನಿಂತಿತ್ತು. ಬೆಳಗಿನಿಂದ ತೊಗರಿ ಕೊಯ್ದಿದ್ದ ವೈಜಿನಾಥ ಕುಡಗೋಲು ಬದಿಗಿಟ್ಟು, ಬದುವಿನ ಹತ್ತಿರ ಸಣ್ಣ ಕುಣಿ ತೋಡಿದ. ಕುಳ್ಳು ಒಟ್ಟಿ ಬೆಂಕಿ ಹಚ್ಚಿದ. ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿ ಆಗುವ ತನಕ ಕಾದು, ಆಮೇಲೆ ಜೋಳದ ಎಳೆಯ ತೆನೆಗಳನ್ನು ಅದರಲ್ಲಿ ಹುಗಿದ. ಈ ಸೀತನಿ ತೆನೆ ಸುಡುವಾಗ ಅವಸರ ಮಾಡಿದರೆ ಕಾಳು ಕರಕಾಗುತ್ತದೆ.

ಸುಟ್ಟ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಹೆಂಡತಿ ಚಂದ್ರಭಾಗಾಳ ಕೈಗೆ ಸುರಿದ. ಇನ್ನೊಂದು ಹಿಡಿ, ಕುರಿ ಹೊಡೆದುಕೊಂಡು ಆ ದಾರಿಯಲ್ಲೇ ಬಂದು ಕೂತಿದ್ದ ನೆರೆಮನೆಯ ಶಾಲುಬಾಯಿಗೆ. ತಾನು ಮಾತ್ರ ಒಂದು ಕಾಳೂ ಬಾಯಿಗೆ ಹಾಕಲಿಲ್ಲ.

“ಕಾಶ್ಯಾಗ ಬಿಟ್ರ ನಿನ್ನಂಗ ಬಿಡಬೇಕು ನೋಡಣ್ಣ,” ಎಂದಳು ಶಾಲುಬಾಯಿ.

ಹೋದ ಬೇಸಿಗೆಯಲ್ಲಿ ಊರಿನವರ ಜೊತೆ ಭಾಲ್ಕಿಯಿಂದ ಬಸ್ಸು ಮಾಡಿಕೊಂಡು ಮೂವರೂ ಕಾಶಿಗೆ ಹೋಗಿಬಂದಿದ್ದರು. ಜೀವಕ್ಕೆ ಬಹಳ ಬೇಕಾದ ಒಂದು ತಿನಿಸನ್ನು ಗಂಗೆಯಲ್ಲಿ ಬಿಟ್ಟುಬಿಡಿ, ಮತ್ತೆ ಅದನ್ನು ಬಾಯಿಗೆ ಮುಟ್ಟಿಸಬೇಡಿ, ಆಸೆ ಹರಿದವರಿಗೇ ಮುಕ್ತಿ ಎಂದು ಘಾಟಿನ ಪಂಡಿತ ಹೇಳಿದ್ದ. ವೈಜಿನಾಥ ಹಿಂದೆಮುಂದೆ ನೋಡದೆ ಸೀತನಿ ಬಿಟ್ಟಿದ್ದ.

“ನೀವೇನು ಬಿಟ್ರಿ ವೈನಿ? ಹೇಳಲೇ ಇಲ್ಲ.”

“ಶಿಮ್ಲಾ ಮಿರ್ಚಿ,” ಎಂದಳು ಚಂದ್ರಭಾಗಾ, ಮೆಲ್ಲಗೆ.

“ಅಯ್ಯ ನಮ್ಮವ್ವ! ನಿಮ್ಮ ಮನ್ಯಾಗ ಆ ದೊಣ್ಣ ಮೆಣಸಿನಕಾಯಿ ಎಂದಾದ್ರೂ ಒಲಿ ಕಂಡದೇನ್ರಿ? ಅಷ್ಟು ದೂರ ಹೋಗಿ ಗಂಗವ್ವಗ ಟೋಪಿ ಹಾಕಿ ಬಂದ್ರಿ!”

“ನೀ ಭಾಳ ಶಾಣ್ಯಾಕಿ. ನೀ ಏನು ಬಿಟ್ಟಿ?”

“ನಾ ಪೇರಲಕಾಯಿ. ಅದನ್ನ ಕಡಿಲಕ್ಕ ಬಾಯಾಗ ಹಲ್ಲೂ ಇರ್ಲಿಲ್ಲ ಬಿಡ್ರಿ,” ಎಂದು ಶಾಲುಬಾಯಿ ಗೊಳ್ಳನೆ ನಕ್ಕಳು. ಅಷ್ಟರಲ್ಲಿ ಕುರಿಯೊಂದು ಜೋಳಕ್ಕೆ ಬಾಯಿ ಹಾಕಿತು. ಅವಳು ಬಯ್ಯುತ್ತ ಎದ್ದು ಓಡಿದಳು.

ಚಂದ್ರಭಾಗಾಳ ಕೈಯಲ್ಲಿನ ಕಾಳು ಹಾಗೆಯೇ ಉಳಿದಿತ್ತು.

“ತಿನ್ನು. ಆರಿದ್ರ ರುಚಿ ಇರಂಗಿಲ್ಲ,” ಎಂದ ವೈಜಿನಾಥ.

“ನಾನೂ ಸೀತನಿ ಬಿಡ್ತೀನ್ರಿ. ಇವತ್ತಿಂದ್ಲೇ. ನಿಮಗ ಮುಕ್ತಿ ಸಿಕ್ಕು ನಾ ಇಲ್ಲೇ ಉಳಿದ್ರ ಹ್ಯಾಂಗ?” ಅವಳು ಕಾಳನ್ನು ಅವನ ಟವೆಲ್ಲಿನ ಮೇಲೆ ಸುರಿಯಹೋದಳು.

“ಬ್ಯಾಡ.”

ದನಿ ಜೋರಾಗಿತ್ತು. ಅವಳ ಕೈ ನಿಂತಿತು.

“ಯಾಕ್ರಿ? ಆಸಿ ಬಿಡೋದು ನಿಮಗೊಬ್ಬರಿಗೇ ಬರ್ತದೇನು?”

ವೈಜಿನಾಥ ಕೋಲಿನಿಂದ ಕೆಂಡ ಕೆದಕಿದ. “ತಿನ್ನೋದು ನಾ ಬಿಟ್ಟೀನಿ, ಖರೇ. ಮೊದಲ ತೆನಿ ಸುಟ್ಟ ದಿನ ಬಾಯಿ ಒದ್ದಾಡ್ತು, ಆಮ್ಯಾಲ ತಾನೇ ಸುಮ್ನಾಯ್ತು. ಆದ್ರ ಸುಟ್ಟು, ತಿಕ್ಕಿ ನಿನ್ನ ಕೈಯಾಗ ಹಾಕೋದು... ನೀ ನಾಲಗಿ ಸುಟ್ಕೊಂಡು ಹಾ ಹಾ ಅಂತಿ, ಆದ್ರೂ ಮತ್ತ ಬೇಡ್ತಿ. ಅದನ್ನ ನೋಡ್ಕೋತ ಕುಂದ್ರೋದು. ಬಿತ್ತೂವಾಗಿಂದ ಅದರ ಮ್ಯಾಲೇ ನನ್ನ ಜೀವ ಇರ್ತದ. ನೀನೂ ಬಿಟ್ರ ನಾ ಯಾರಿಗೆ ಸುಡ್ಲಿ?”

ಚಂದ್ರಭಾಗಾ ಗಂಡನನ್ನೇ ನೋಡಿದಳು. ಮದುವೆಯಾದಾಗಿನಿಂದ ಅವನು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದು ಅವಳಿಗೆ ನೆನಪಿರಲಿಲ್ಲ. ಕೈಯಲ್ಲಿದ್ದ ಕಾಳನ್ನು ಬಾಯಿಗೆ ಹಾಕಿಕೊಂಡು ನಿಧಾನಕ್ಕೆ ಅಗಿದಳು, ನುಂಗಿದಳು.

“ಹಂಗಾದ್ರ ನೀವೂ ಕಾಶ್ಯಾಗ ಏನೂ ಬಿಟ್ಟಿಲ್ಲ ಬಿಡ್ರಿ,” ಎಂದಳು. “ಇಬ್ಬರದೂ ಬಾಕಿನೇ ಅದ.”

ವೈಜಿನಾಥ ಬೂದಿಯೊಳಗಿಂದ ಇನ್ನೊಂದು ತೆನೆ ತೆಗೆದು ತಿಕ್ಕಿದ, ಊದಿದ. ತಲೆ ಎತ್ತುವಷ್ಟರಲ್ಲಿ ಅವಳ ಅಂಗೈ ಅವನ ಮುಂದಿತ್ತು.