ಬಲಗೈ

ಕೆನಡಾದ ಆ ಕಾಡಿನ ಸರೋವರಕ್ಕೆ ರಸ್ತೆಯೇ ಇರಲಿಲ್ಲ. ಮೀನು ಹಿಡಿಯಲು ಹೊರಟ ಅಣ್ಣತಮ್ಮಂದಿರನ್ನು ಪುಟ್ಟ ವಿಮಾನವೊಂದು ನೀರಿನ ಮೇಲಿಳಿದು ಬಿಟ್ಟುಹೋಗಿತ್ತು. ಪೈಲಟ್ ಕೊಟ್ಟ ಚೀಟಿಯನ್ನು ತಮ್ಮ ಓದಿ ಜೇಬಿಗಿಟ್ಟುಕೊಂಡ.

“ಅದ್ರಲ್ಲಿ ಎಂತ ಬರ್ದಿತ್?” ಗಂಗೊಳ್ಳಿಯ ಕಡಲಲ್ಲಿ ಮೂವತ್ತು ವರ್ಷ ಬಲೆ ಬೀಸಿ, ಕೆನಡಾದಲ್ಲಿ ನೆಲೆಸಿದ ತಮ್ಮನನ್ನು ನೋಡಲು ಬಂದಿದ್ದ ಅಣ್ಣನಿಗೆ ಇಂಗ್ಲಿಷ್ ಬಾರದು.

“ನಾನಿಲ್ಯಾ ಅಣ್ಣ, ನಿಂಗ್ಯಾಕೆ ಅದೆಲ್ಲ?”

ನಾಲ್ಕನೇ ದಿನ ದೋಣಿ ಮಗುಚಿತು. ಹಿಮದಂಥ ನೀರಿನಿಂದ ಅಣ್ಣ ತಮ್ಮನನ್ನು ದಡಕ್ಕೆಳೆದು ತರುವಷ್ಟರಲ್ಲಿ ಅವನ ಮೈ ಸೆಟೆಯತೊಡಗಿತ್ತು. ಆಗಲೇ, ದೇವರೇ ಕಳಿಸಿದಂತೆ, ಅದೇ ವಿಮಾನ ತಲೆಯ ಮೇಲೆ ಬಂತು. ಅಣ್ಣ ತಮ್ಮನನ್ನು ಎಡತೋಳಲ್ಲಿ ಎದೆಗವಚಿಕೊಂಡೇ ಎದ್ದುನಿಂತು ಬಲಗೈ ಎತ್ತಿ ಬೀಸಿದ.

“ನನ್ನ ಕೆಳಗ್ ಇಳ್ಸ್ ಅಣ್ಣ,” ತಮ್ಮ ತೊದಲಿದ.

“ಇಳ್ಸುದಿಲ್ಲೆ. ಸತ್ರೂ ನಿನ್ನ ಬಿಡುದಿಲ್ಲೆ.”

“ಇಳ್ಸ್ ಮಾರಾಯ...”

ಅಣ್ಣ ಇನ್ನಷ್ಟು ಬಿಗಿಯಾಗಿ ಅವಚಿಕೊಂಡ. ವಿಮಾನ ರೆಕ್ಕೆ ಓರೆ ಮಾಡಿ ಉತ್ತರ ಕೊಟ್ಟು ಬೆಟ್ಟದಾಚೆ ಮರೆಯಾಯಿತು.

ಸಂಜೆ ತಮ್ಮನ ಕಣ್ಣು ಮುಚ್ಚಿಸಿದ ಮೇಲೆ ಅಣ್ಣ ಅವನ ಜೇಬಿನಿಂದ ಆ ಒದ್ದೆ ಚೀಟಿ ತೆಗೆದ. ಅದರಲ್ಲಿ ಬರಹಕ್ಕಿಂತ ದೊಡ್ಡದಾಗಿ ಎರಡು ಚಿತ್ರಗಳಿದ್ದವು: ಎರಡೂ ಕೈ ಎತ್ತಿ ನಿಂತವನ ಬಳಿ ವಿಮಾನ ಇಳಿಯುತ್ತಿತ್ತು; ಒಂದೇ ಕೈ ಎತ್ತಿ ನಿಂತವನನ್ನು ದಾಟಿ ಹೋಗುತ್ತಿತ್ತು.