ಹೊಸ ಕಪ್ಪೆಯ ಸುದ್ದಿ

ಬೆಟ್ಟದ ಕಾಡಿನ ಆ ಪುಟ್ಟ ಕಪ್ಪೆ ಹೊಸ ಪ್ರಭೇದವೇ ಎಂದು ಖಚಿತವಾದ ದಿನ ಪತ್ರಿಕೆಯವರು ಸಂಶೋಧಕಿ ರೇವತಿಯನ್ನು ಕೇಳಿದ್ದರು, "ಕಾಡಿನಲ್ಲಿ ನಿಮ್ಮ ಜೊತೆ ಯಾರಿದ್ದರು?"

"ಯಾರೂ ಇಲ್ಲ. ಒಬ್ಬಳೇ ಹುಡುಕಿದೆ," ಎಂದುಬಿಟ್ಟಿದ್ದಳು.

ಮೂರು ಮಳೆಗಾಲ ಅವಳನ್ನು ಕಾಡು ಸುತ್ತಿಸಿದವನು ಸೋಲಿಗರ ಕೇತೇಗೌಡ. ಈ ಕಪ್ಪೆಯ ಕೂಗು ಬೇರೆ ಥರ ಇದೆ ಎಂದು ಮೊದಲು ಗುರುತಿಸಿದ್ದೂ, ಬಿದಿರ ಬುಡದಲ್ಲಿ ಕೈಯಿಟ್ಟು ಅದನ್ನು ಹಿಡಿದುಕೊಟ್ಟಿದ್ದೂ ಅವನೇ.

ತಿಂಗಳು ಕಳೆದರೂ ಮನಸ್ಸು ಕೊರೆಯುವುದು ನಿಲ್ಲಲಿಲ್ಲ. ಕ್ಷಮೆ ಕೇಳಲೆಂದು ರೇವತಿ ಅವನ ಪೋಡಿಗೆ, ಸೋಲಿಗರ ಆ ಪುಟ್ಟ ಹಟ್ಟಿಗೆ, ಹೋದಳು. ಜಗಲಿಯಲ್ಲಿ ಶಾಲೆಯ ಮೇಷ್ಟ್ರೂ ಸೇರಿ ಏಳೆಂಟು ಜನರ ನಡುವೆ ಕೂತಿದ್ದ ಕೇತೇಗೌಡ ಅವಳನ್ನು ಕಂಡು ದಡಬಡಿಸಿ ಎದ್ದ.

"ಕೇತಣ್ಣ, ಪೇಪರಿನಲ್ಲಿ ಬಂದದ್ದು ಗೊತ್ತಾಯ್ತಾ?" ಅವಳ ದನಿ ಉಡುಗಿತ್ತು.

"ಗೊತ್ತಾಗ್ದೆ ಏನು ಮೇಡಮ್ಮೋರೆ! ಬನ್ನಿ, ಇಲ್ಲಿ ನೋಡಿ."

ಗೋಡೆಗೆ ಪತ್ರಿಕೆಯ ಚಿತ್ರ ಅಂಟಿಸಿತ್ತು. ಕಪ್ಪೆ ಒಂದು ಅಂಗೈ ಮೇಲೆ ಕೂತಿತ್ತು. ಮಣಿಕಟ್ಟಿನವರೆಗಷ್ಟೇ ಆ ಕೈ ಕಾಣುತ್ತಿತ್ತು.

"ಕೇತಣ್ಣ, ನಾನು ಅವತ್ತು..." ಅವಳಿಗೆ ತಲೆ ಎತ್ತಲಾಗಲಿಲ್ಲ.

ಕೇತೇಗೌಡ ತನ್ನ ಅಂಗೈಯನ್ನು ಚಿತ್ರದ ಪಕ್ಕ ಅಗಲಿಸಿ ಹಿಡಿದು ಜನರತ್ತ ತಿರುಗಿದ. "ಈ ಕೈ ನಂದು ಅಂದ್ರೆ ಇವ್ರೆಲ್ಲ ನಗ್ತಾರೆ ಮೇಡಮ್ಮೋರೆ. ನೀವು ಒಬ್ರೇ ಹುಡುಕಿದ್ರಿ ಅಂತ ಅದ್ರಲ್ಲಿ ಬರ್ದದೆ ಅಂತಾರೆ ಮೇಷ್ಟ್ರು. ಅವ್ರು ತಪ್ಪು ಓದವ್ರೆ ಅಂತ ನೀವೇ ಒಂದು ಮಾತು ಹೇಳ್ಬುಡಿ."