ಮೀಟರಿನ ದಾಕ್ಷಿಣ್ಯ

ಮೀಟರುಗಳಿಗೆ ದಾಕ್ಷಿಣ್ಯ ಬಂದ ಮೇಲೆ, ಎದುರಿಗಿದ್ದವರ ಮನಸ್ಸು ನೋಯುವ ಅಂಕಿಯನ್ನು ಅವು ತೋರಿಸುತ್ತಿರಲಿಲ್ಲ. ಹಾಗಾಗಿ ಪಂಕಜಾಕ್ಷಿ ಲ್ಯಾಬಿನ ಬಾಗಿಲು ಮುಚ್ಚಿ, ಎದುರಿನ ಟೀ ಅಂಗಡಿಯಲ್ಲಿ ಕೂತು, ಅಂಗೈಯಗಲದ ಕಂಪ್ಯೂಟರಿನಿಂದಲೇ ಅಳೆಯುತ್ತಿದ್ದಳು.

ಅವತ್ತು ಮೀಟರಿಗೆ ಸಿಕ್ಕಿಸಿದ್ದು ಸಾಹೇಬರಾದ ತಿಪ್ಪೇರುದ್ರಪ್ಪನವರ ಕಾರಿನ ಬ್ಯಾಟರಿ. ತಾವೇ ನೋಡುವುದಾಗಿ ಹೇಳಿ ಅವರು ಲ್ಯಾಬಿಗೆ ಹೊರಟರು.

"ಬೇಡ ಸರ್, ನಿಮ್ಮನ್ನ ನೋಡಿದ್ರೆ ಅದು ನಿಜ ಹೇಳಲ್ಲ."

"ನನ್ನೆದುರಿಗೆ ಸುಳ್ಳು ಹೇಳೋ ಧೈರ್ಯ ಯಾರಿಗಿದೆಯಮ್ಮ?"

ಮೀಟರು ಹನ್ನೆರಡೂವರೆ ವೋಲ್ಟ್ ತೋರಿಸಿತು. ಸಾಹೇಬರು ಬೀಗುತ್ತಾ ಹೊರಬಂದದ್ದೇ, ಪಂಕಜಾಕ್ಷಿಯ ಪರದೆಯಲ್ಲಿ ಅಂಕಿ ಎರಡಕ್ಕಿಳಿಯಿತು.

ಡ್ರೈವರು ಬ್ಯಾಟರಿ ತಂದು ಕೂರಿಸಿದ. ಕಾರು ಮಿಸುಕಲಿಲ್ಲ.

"ಏನಾಗಿದೆ ಇದಕ್ಕೆ?" ಎಂದರು ಸಾಹೇಬರು.

ಪಂಕಜಾಕ್ಷಿ ಪರದೆಯಲ್ಲಿ ಹಾಗೇ ಉಳಿದಿದ್ದ ಅಂಕಿ ನೋಡಿದಳು, ಆಮೇಲೆ ಅವರ ಮುಖ ನೋಡಿದಳು.

"ಬ್ಯಾಟರಿ ಚೆನ್ನಾಗೇ ಇದೆ ಸರ್. ಬಿಸಿಲಿಗೆ ಒಂದೊಂದ್ಸಲ ಹಿಂಗಾಗುತ್ತೆ" ಎಂದವಳೇ, ಕಾರು ತಳ್ಳಲು ಸೆರಗು ಸಿಕ್ಕಿಸಿದಳು.